ಮೂರನೆಯ ರೀಲು

ಪುಣೆಯಿಂದ ನಾಲ್ಕು ಡಬ್ಬಿ ಬರಬೇಕಿತ್ತು. ಬಂದದ್ದು ಮೂರು.
ಮಿರಜಿನಲ್ಲಿ ಗಾಡಿ ಬದಲಿಸುವಾಗ ಒಂದು
ಯಾರದೋ ಹಾಲಿನ ಕ್ಯಾನುಗಳ ಜೊತೆ ಕೊಲ್ಲಾಪುರಕ್ಕೆ ಹೋಯಿತಂತೆ.
ಎಂಬತ್ತೆರಡನೆಯ ಇಸವಿ, ಬೆಳಗಾವಿ ಕ್ಯಾಂಪು,
ಶಾಲೆಯ ಹಂಚಿನ ಛಾವಣಿಯ ಕೆಳಗೆ ಕಬ್ಬಿಣದ ಕುರ್ಚಿ,
ಟಿಕೆಟ್ಟು ಒಂದು ರೂಪಾಯಿ. ಹರಿದು ಕೊಡುವವನು ನಾನು,
ಹಗಲಲ್ಲಿ ಕಂಟೋನ್ಮೆಂಟ್ ಬೋರ್ಡಿನ ನೀರಿನ ಬಿಲ್ಲಿನ ಗುಮಾಸ್ತ.

ಫ್ರಾನ್ಸಿನ ಸಿನಿಮಾ. ಯುದ್ಧದ್ದು. ನಗೆಯದ್ದು.
ಎರಡೂ ಮಾತು ಒಂದೇ ಪೋಸ್ಟರಿನಲ್ಲಿ ಬರೆಯುವಾಗ
ಕುಂಚ ತಡೆದಿತ್ತು.
ಯುದ್ಧವೆಂದರೆ ನಮ್ಮ ಓಣಿಗೆ
ಕಲ್ಲಿನ ಮೇಲೆ ಕೊರೆದ ಹೆಸರು,
ಪಿಂಚಣಿಯ ದಿನ ಪೋಸ್ಟಾಫೀಸಿನ ಕಟ್ಟೆಗೆ ಒರಗಿದ ಊರುಗೋಲು.

ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರವೂ ಇಲ್ಲ.
ಕಾನ್ವೆಂಟಿನ ಎಸ್ಪೆರಾನ್ಸಾ ಬಾಯಿ
ಕತ್ತಲಲ್ಲಿ ಮೈಕು ಹಿಡಿದು ಕೂತು
ಫ್ರೆಂಚನ್ನು ನಮ್ಮ ಕಡೆಯ ಮಾತಿಗೆ ಇಳಿಸುತ್ತಿದ್ದರು.
ಜರ್ಮನ್ ಮೇಜರು ಗುಡುಗಿದ. ಬಾಯಿ ಅಂದರು:
"ಏ, ನಿಂದರಲೇ!"
ಹಂಚು ಹಾರುವ ಹಾಗೆ ನಕ್ಕರು ಜನ.

ಮೇಜರನ ಗಂಟಲ ಮೇಲೆ ಕ್ಷೌರಿಕನ ಕತ್ತಿ.
ಅಟ್ಟದ ಮೇಲೆ ಅಡಗಿದ ಇಂಗ್ಲಿಷ್ ಪೈಲಟ್ ಸೀನುತ್ತಾನೆ.
ತಾನೇ ಸೀನಿದೆನೆಂದು ಕ್ಷೌರಿಕ ಸೀನುತ್ತಾನೆ,
ಅವನ ಹೆಂಡತಿ ಸೀನುತ್ತಾಳೆ, ಪಂಜರದ ಗಿಣಿ ಸೀನುತ್ತದೆ,
ಕೊನೆಗೆ ಮೇಜರನಿಗೂ ತಡೆಯಲಾಗದೆ ಸೀನು.
ಕತ್ತಿ ಅಲ್ಲೇ ಇದೆ. ಒಂದು ಕೂದಲೆಳೆ ಒಳಗೆ ಹೋದರೆ ಕಥೆಯೇ ಬೇರೆ.
ಹೋಗುವುದಿಲ್ಲ. ನೊರೆ ಒರೆಸುತ್ತಾನೆ, ಚಿಲ್ಲರೆ ಎಣಿಸುತ್ತಾನೆ,
ಬಾಗಿಲ ತನಕ ಬಾಗಿ ಕಳಿಸಿ ಬಂದು
ಕನ್ನಡಿಗೆ ನಾಲಿಗೆ ಚಾಚುತ್ತಾನೆ.

ಗೆದ್ದವರ ಸಿನಿಮಾದಲ್ಲಿ ಗುಂಡು ಹಾರುತ್ತವೆ.
ತಮ್ಮದೇ ಕುರ್ಚಿಯಲ್ಲಿ ವೈರಿ ಕೂತು
ಗಡ್ಡ ಹೆರೆಸಿಕೊಂಡು ಹೋದ ಊರಿನವರು
ಈ ನಾಲಿಗೆಯನ್ನು ನೆನಪಿಟ್ಟುಕೊಳ್ಳುತ್ತಾರೆ,
ಅಂದು ಚಾಚಿದ್ದರೋ ಇಲ್ಲವೋ.

ಸೇತುವೆ. ಎತ್ತಿನ ಬಂಡಿ. ಪೀಪಾಯಿಯೊಳಗೆ ಪೈಲಟ್.
ಪಹರೆಯವ ಕೈ ಎತ್ತಿದ,
ಟಪ್.
ಬರೀ ಬಿಳಿ. ಬಿಳಿಯಲ್ಲಿ ಒಂದು ಹುಳ.
"ಮುಂದಿಂದು ಕೊಲ್ಲಾಪುರದಾಗ ಐತ್ರಿ,"
ಅಂದ ಯಂತ್ರದ ಹಿಂದಿನಿಂದ ಬಾಬಾಜಾನ್ ಕಿಲ್ಲೇದಾರ.

ಸೀಟಿ, ರೂಪಾಯಿ ವಾಪಸ್ ಕೊಡಿರೆಂಬ ಗದ್ದಲ.
ಆಗ ಮೂರನೆಯ ಸಾಲಿನಲ್ಲಿ ಕುರ್ಚಿ ಕಿರ್ರೆಂದು
ಸುಬೇದಾರ ಧೋಂಡಿಬಾ ಮುತಗೇಕರ ಎದ್ದರು.
ನನ್ನ ಲೆಡ್ಜರಿನಲ್ಲಿ ಅವರ ಬಾಕಿ ಎಂದೂ ಇರಲಿಲ್ಲ,
ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

"ಮುಂದಿಂದು ನಾ ಹೇಳತೇನಿ.
ಪೀಪಾಯಿ ಅಲ್ರಿ, ದ್ರಾಕ್ಷಿ ತುಳಿಯೂ ಬಾನಿ. ಇಟಲಿಯಾಗ.
ಮೂರು ದಿನ, ಮೊಣಕಾಲು ಗದ್ದಕ್ಕ ಹಚ್ಚಿ ಕುಂತಿದ್ದೆ.
ಮ್ಯಾಲ ಹಲಗಿ, ಹಲಗಿ ಮ್ಯಾಲ ಹುಲ್ಲು,
ಹುಲ್ಲಿನ ಮ್ಯಾಲ ಮುದುಕಿ ಒಂದು ಕೋಳಿ ಕುಂಡ್ರಿಸಿದ್ದಳು.
ಜರ್ಮನ್ ಸಿಪಾಯಿ ಬಂದ. ಹುಲ್ಲಾಗ ಕೈ ಹಾಕಿದ. ಕೋಳಿ ಕುಕ್ಕಿತು.
ಎರಡು ತತ್ತಿ ತಗದ.
ಮುದುಕಿ ರೊಕ್ಕ ಕೇಳಿದಳ್ರೀ!
ಕೆಳಗ ನಾ, ಮ್ಯಾಲ ಬಂದೂಕು, ನಡುವ ತತ್ತಿಗೆ ಚೌಕಾಶಿ.
ಅಂವ ಒಂದರ ರೊಕ್ಕ ಕೊಟ್ಟ. ಒಂದು ತತ್ತಿ ತಿರುಗಿ ಇಟ್ಟು ಹ್ವಾದ."

ಎಸ್ಪೆರಾನ್ಸಾ ಬಾಯಿ ಮೈಕಿನಲ್ಲೇ ನಕ್ಕುಬಿಟ್ಟರು.
ಹಿಂದಿನ ಸಾಲಿನಿಂದ ಯಾರೋ: "ಆಗ ನೀವೂ ನಕ್ಕಿದ್ರೇನ್ರಿ?"
"ನಕ್ಕಿದ್ರ ಇಲ್ಲಿ ಇರತಿದ್ನೇನೋ, ಹುಚ್ಚಾ?"

ನಾಲ್ಕನೆಯ ರೀಲು ಸುರುವಾಯಿತು. ಪೈಲಟ್ ದಾಟಿಯಾಗಿತ್ತು.
ಯಾವುದೋ ಅಡಿಗೆಮನೆಯಲ್ಲಿ ಸುಮ್ಮನೆ ಸೂಪು ಕುಡಿಯುತ್ತಿದ್ದ.
ನಗುವಂಥದು ಅಲ್ಲಿ ಏನೂ ಇರಲಿಲ್ಲ.
ಮೂರನೆಯ ಸಾಲಿನಲ್ಲಿ ಒಂದೇ ಒಂದು ಭುಜ
ಕುಲುಕುತ್ತಿತ್ತು, ನಿಲ್ಲದೆ,
ಕಬ್ಬಿಣದ ಕುರ್ಚಿ ಸದ್ದು ಮಾಡುವಷ್ಟು.

ಹೋದ ವರ್ಷ ಬಾಯಿಯ ತಂಗಿಯ ಮೊಮ್ಮಗ
ಫೋನಿನಲ್ಲಿ ಪೂರ್ತಿ ಸಿನಿಮಾ ಹುಡುಕಿ ಕೊಟ್ಟ.
ಮೂರನೆಯ ರೀಲು ಇದೆ. ಪೀಪಾಯಿ ಉರುಳುತ್ತದೆ,
ಮೇಜರು ಬೆನ್ನಟ್ಟಿ ಟೊಪ್ಪಿಗೆ ಸಮೇತ ಹೊಳೆಗೆ ಬೀಳುತ್ತಾನೆ.
ಚಲೋ ಇದೆ.
ಕೋಳಿ ಇಲ್ಲ.
ಬೆರಳಿನಿಂದ ಹಿಂದಕ್ಕೆ ಎಳೆದು
ಇನ್ನೊಮ್ಮೆ ನೋಡಿದೆ.